ಈ ಸಲ ಓಕೆ ಅನ್ನಬೇಡಿ

ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ
ಕ್ರೇನಿನ ಕ್ಯಾಬಿನ್ನಿನಿಂದ

ಕೆಳಗೆ ನಿಂತಿರುವ ನನ್ನವರಿಗೆ, ಮೇಲೆ ಕುಳಿತಿರುವ ನಿಮ್ಮವಳ ನಮಸ್ಕಾರಗಳು.

ಹಗ್ಗದಲ್ಲಿ ಇಳಿದು ಬಂದ ಊಟದ ಡಬ್ಬಿಯೊಳಗೆ ಕಾಗದ ಕಂಡು ಹುಬ್ಬೇರಿಸಬೇಡಿ. ಗಾಳಿ ಬಂದಾಗ ತೂರಿಕೋ ಅಂತಾರೆ. ಗಾಳಿ ಜೋರಾಗಿ ಕ್ರೇನ್ ನಿಂತಿರುವ ಈ ಹೊತ್ತಿನಲ್ಲೇ ನಾನು ಹೇಳಬೇಕಾದದ್ದನ್ನು ಹೇಳಿ ಮುಗಿಸಬೇಕು. ವಾಕಿಟಾಕಿಯಲ್ಲಿ ಹೇಳಿದರೆ ಇಡೀ ಸೈಟು ಕೇಳಿಸಿಕೊಳ್ಳುತ್ತದೆ. ಫೋನ್ ಮಾಡಿದರೆ ನೀವು "ಓಕೆ ಓಕೆ" ಎಂದು ಕಟ್ ಮಾಡುತ್ತೀರಿ. ಸಂಜೆ ಮನೆಯಲ್ಲಿ ಮಾತಾಡೋಣವೆಂದರೆ, ಗಾಳಿ ಇಳಿದ ತಕ್ಷಣ ಆ ಮೆಟ್ಟಿಲುಸಾಲನ್ನು ಎತ್ತಬೇಕಲ್ಲ.

ನನ್ನ ಭಯವೇ ಅದು. ಎರಕ ಹೊಯ್ದ ಆ ಕಾಂಕ್ರೀಟಿನ ಮೆಟ್ಟಿಲುಗಳನ್ನು ಕಟ್ಟಡದ ನಡುವಿನ ಹೊಂಡದೊಳಗೆ ಇಳಿಸಬೇಕು. ಅದರೊಳಗಿನದು ನನಗೆ ಇಲ್ಲಿಂದ ಒಂದಿಷ್ಟೂ ಕಾಣುವುದಿಲ್ಲ. ತಳದಲ್ಲಿ ನಮ್ಮ ಜೋಡೆತ್ತುಗಳು, ಆ ಅಣ್ಣ ತಮ್ಮ, ಅದನ್ನು ಹಿಡಿದು ಕೂರಿಸಲು ನಿಂತಿರುತ್ತಾರೆ. ಅವರ ತಲೆಯ ಮೇಲೆ ಅಷ್ಟು ಭಾರ ಇಳಿಯುವುದು ಸಿಗ್ನಲ್‌ಮ್ಯಾನ್ ಆದ ನಿಮ್ಮ ಒಂದು ಮಾತಿನ ಮೇಲೆ. ನೀವು ಓಕೆ ಎಂದರೆ ನಾನು ಇಳಿಸಬೇಕು. ಇವತ್ತು ನಾನು ಇಳಿಸುವುದಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿಮಗೇ ಗೊತ್ತು. ನಿಮಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ.

ನಿನ್ನೆಯದನ್ನೇ ತೆಗೆದುಕೊಳ್ಳಿ. ಕಂಬಿಯ ಕಟ್ಟು ಇಳಿಸುವಾಗ ನೀವು "ಓಕೆ, ಬಿಡು" ಎಂದಿರಿ. ನಾನು ಬಿಟ್ಟೆ. ಬಿಟ್ಟವಳು ಯಾಕೋ ಒಮ್ಮೆ ಬಗ್ಗಿ ನೋಡಿದರೆ, ಕಟ್ಟಿನ ನೇರ ಕೆಳಗೆ ಹಳದಿ ಹೆಲ್ಮೆಟ್ಟು! ವೈರಿಂಗಿನವನು ಕುಕ್ಕರುಗಾಲಲ್ಲಿ ಕುಳಿತು ಏನೋ ಬಿಗಿಯುತ್ತಿದ್ದ. ನೀವು ನಿಂತಲ್ಲಿಂದ ಅವನಿಗೆ ಒಂದು ಲಾರಿಯ ಉದ್ದದಷ್ಟೂ ದೂರವಿರಲಿಲ್ಲ. ನಾನು ಬ್ರೇಕ್ ಹಾಕಿದ ರಭಸಕ್ಕೆ ಕಟ್ಟು ತೂಗಾಡಿತು. ಏನಾಯ್ತು ಎಂದು ಎಂಜಿನಿಯರ್ ಕೇಳಿದ್ದಕ್ಕೆ ಗಾಳಿ ಎಂದೆ. ನೀವೂ ಅದಕ್ಕೆ ಓಕೆ ಎಂದಿರಿ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರೆ. ಆ ವೈರಿಂಗಿನವನು ಸಾವಿರ ವರ್ಷ ಬಾಳಲಿ.

ಆಮೇಲೆ ಒಂದೊಂದೇ ನೆನಪಾಗತೊಡಗಿತು. ಬಸ್ಸು ಬಂದಾಗ "ಇದು ನಮ್ದೇನಾ ನೋಡು, ನಿನ್ ಕಣ್ಣು ಗರುಡನ ಕಣ್ಣು" ಎಂದು ಹೊಗಳುತ್ತೀರಿ. ಎಡಗಿವಿಯ ಕೆಳಗೆ ಗಡ್ಡ ಹಾಗೇ ಉಳಿದಿರುತ್ತದೆ. ಮನೆಯ ಮೆಟ್ಟಿಲು ಇಳಿಯುವಾಗ ಪಾದದಿಂದ ತಡವಿ ತಡವಿ ಇಳಿಯುತ್ತೀರಿ. ಬೆಳಿಗ್ಗೆ ಪೇಪರನ್ನು ನನ್ನ ಕೈಗೆ ಕೊಟ್ಟು, ನೀನು ಓದಿದರೆ ಕೇಳೋಕೆ ಚೆಂದ ಎನ್ನುತ್ತೀರಿ. ಈ ವಯಸ್ಸಿನಲ್ಲೂ ಏನು ಪ್ರೀತಿಯಪ್ಪಾ ಎಂದು ನಾನು ಒಳಗೊಳಗೇ ಉಬ್ಬಿಹೋಗಿದ್ದೆ! ಅದೊಂದಕ್ಕೆ ನಿಮ್ಮ ಮೇಲೆ ನಿಜವಾಗಿಯೂ ಸಿಟ್ಟಿದೆ.

ಕಂಪನಿಯ ಕಣ್ಣಿನ ತಪಾಸಣೆಯಲ್ಲಿ ಪಾಸಾದೆನಲ್ಲ ಎನ್ನಬೇಡಿ. ಸಾಲಿನಲ್ಲಿ ಮುಂದೆ ನಿಂತಿದ್ದವನು ಓದಿದ ಅಕ್ಷರಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ ಒಪ್ಪಿಸಿದಿರಂತೆ. ಡಾಕ್ಟರು ಕಡ್ಡಿಯಿಂದ ತೋರಿಸುವ ಮೊದಲೇ ಮುಂದಿನ ಸಾಲನ್ನೂ ಹೇಳಿಬಿಟ್ಟಿರಂತೆ. ಜೋಡೆತ್ತುಗಳಲ್ಲಿ ಚಿಕ್ಕವನು ಇದನ್ನು ದೊಡ್ಡ ತಮಾಷೆಯೆಂದು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಇವತ್ತು ಆ ಹೊಂಡದ ತಳದಲ್ಲಿ ನಿಲ್ಲುವವನು ಅವನೇ.

ಆ ಒಂದು ಮಾತು, ಓಕೆ, ಅದನ್ನು ನೀವು ಎಷ್ಟಕ್ಕೆಲ್ಲ ಬಳಸುತ್ತೀರಿ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಸಾರಿಗೆ ಉಪ್ಪು ಸರಿಯಿದೆಯಾ ಎಂದರೆ ಓಕೆ. ಅದರರ್ಥ ಇಲ್ಲ, ಆದರೆ ತಿನ್ನುತ್ತೇನೆ. ಜಗಳದ ಕೊನೆಗೆ ಓಕೆ. ಅದರರ್ಥ ಬಾಯಿ ಮುಚ್ಚು. ನನ್ನ ಅಕ್ಕ ಬರುತ್ತಾಳೆ ಎಂದಾಗ ಎಳೆದು ಎಳೆದು ಓಕೇ. ಅದರರ್ಥ ಬಿಡಿಸಿ ಹೇಳುವುದು ಬೇಡ. ಮಗಳಂತೂ ಮೆಸೇಜಿನಲ್ಲಿ ಬರೀ "ಕೆ" ಎನ್ನುತ್ತಾಳೆ, ಪೂರ್ತಿ ಓಕೆಗೂ ಅವಳಿಗೆ ಪುರುಸೊತ್ತಿಲ್ಲ. ಮನೆಯಲ್ಲಿ ಹೇಗೆ ಬೇಕಾದರೂ ಅನ್ನಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದರೂ ಸಂಸಾರ ಸಾಗುತ್ತದೆ. ವಾಕಿಟಾಕಿಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ. ನಾನು ನೋಡಿದೆ, ಭಾರದ ಕೆಳಗೆ ಯಾರೂ ಇಲ್ಲ, ಬಿಡು. ನೋಡದೆ ಆ ಮಾತು ಆಡುವ ಹಾಗಿಲ್ಲ.

ನಿನ್ನೆ ಮನೆಗೆ ಬಂದ ಮೇಲೆ ಕಣ್ಣು ತೋರಿಸೋಣವಾ ಎಂದು ಕೇಳಿದೆ. ಓಕೆ ಎಂದಿರಿ. ಯಾವಾಗ ಎಂದೆ. "ಆಯ್ತು ಕಣೇ, ಓಕೆ ಅಂದ್ನಲ್ಲ" ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದಿರಿ.

ನಿಮ್ಮ ಭಯ ನನಗೆ ಗೊತ್ತಿಲ್ಲವೆಂದಲ್ಲ. ಕಣ್ಣಿಲ್ಲದ ಸಿಗ್ನಲ್‌ಮ್ಯಾನನ್ನು ಯಾರು ಇಟ್ಟುಕೊಳ್ಳುತ್ತಾರೆ, ಹೆಂಡತಿ ಮೇಲೆ ದುಡಿಯುವಾಗ ಮನೆಯಲ್ಲಿ ಕುಳಿತು ಏನು ಮಾಡಲಿ ಎಂದು ತಾನೇ? ಒಂದು ಮಾತು ನೆನಪಿಸುತ್ತೇನೆ. ನಾನು ಕ್ರೇನ್ ಕಲಿಯುತ್ತೇನೆ ಎಂದಾಗ ನನ್ನ ಅಪ್ಪ ನಕ್ಕರು. ನಿಮ್ಮ ಅಮ್ಮ, ಹೆಂಗಸು ಅಷ್ಟೆತ್ತರ ಹತ್ತಿ ಏನು ಮಾಡ್ತಾಳೆ, ಬಟ್ಟೆ ಒಣಗಿಸ್ತಾಳಾ ಎಂದರು. ನೀವು ಚಪ್ಪಲಿ ಮೆಟ್ಟಿಕೊಳ್ಳುತ್ತಾ, ತಲೆಯನ್ನೂ ಎತ್ತದೆ, ಓಕೆ ಎಂದಿರಿ. ಆ ಓಕೆಯ ಮೇಲೆಯೇ ನಾನು ಇಷ್ಟೆತ್ತರ ಹತ್ತಿ ಕುಳಿತಿದ್ದೇನೆ. ಜನ ಮೇಲಿನವನು ನೋಡ್ತಿರ್ತಾನೆ ಎಂದರೆ, ನಮ್ಮನೇಲಿ ಮೇಲಿನವಳು ನೋಡ್ತಿರ್ತಾಳೆ ಎಂದು ಸೈಟಿನಲ್ಲೆಲ್ಲ ಹೇಳಿಕೊಂಡು ನಗುತ್ತೀರಲ್ಲ, ಮೇಲಿನವಳು ಈಗ ನೋಡುತ್ತಿದ್ದಾಳೆ. ಹೊಂಡದ ಅಂಚಿನ ಹಲಗೆಗೆ ತೀರಾ ಹತ್ತಿರ ನಿಂತಿದ್ದೀರಿ. ದಯವಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಿರಿ.

ನಿಮ್ಮ ಬೆನ್ನ ಹಿಂದೆ ಎಂಜಿನಿಯರಿಗೆ ನಾನು ಏನೂ ಹೇಳಿಲ್ಲ. ಅದನ್ನು ನೀವೇ ಹೇಳಬೇಕು, ನಿಮ್ಮ ಬಾಯಿಂದಲೇ. ಕೆಲಸ ಹೋದರೆ ಹೋಗಲಿ, ಕಣ್ಣಿಗೆ ಮದ್ದಿದ್ದರೆ ಮಾಡಿಸೋಣ, ಇಲ್ಲದಿದ್ದರೆ ದಿನಾ ಬೆಳಿಗ್ಗೆ ಪೇಪರ್ ಓದುತ್ತೇನೆ. ಈ ಸಲ ಸುಳ್ಳುಹೊಗಳಿಕೆ ಬೇಕಿಲ್ಲ. ಆದರೆ ನಿಮ್ಮ ಓಕೆ ನಂಬಿ ಒಬ್ಬನ ಪ್ರಾಣ ಹೋದರೆ, ನೀವೂ ಬದುಕುವುದಿಲ್ಲ, ನಾನೂ ಈ ಕುರ್ಚಿಯಲ್ಲಿ ಮತ್ತೆ ಕೂರುವುದಿಲ್ಲ.

ಇಷ್ಟನ್ನೂ ತೊಲೆಗೆ ಗುರುತು ಹಾಕುವ ಮಾರ್ಕರಿನಲ್ಲಿ, ಹಳೆಯ ನಕ್ಷೆಗಳ ಬೆನ್ನಿಗೆ, ದಪ್ಪ ದಪ್ಪಗೆ ಬರೆದಿದ್ದೇನೆ. ಕ್ಯಾಲೆಂಡರಿನ ದೊಡ್ಡ ಅಂಕಿ ನೀವು ಈಗಲೂ ಓದುತ್ತೀರಿ, ಗಮನಿಸಿದ್ದೇನೆ. ಕೊನೆಯಲ್ಲಿ ಮಾತ್ರ ಒಂದಿಷ್ಟು ಪೆನ್ನಿನಲ್ಲಿ ಸಣ್ಣಕ್ಷರದಲ್ಲಿದೆ. ಅದು ನಿಮಗೇ ಓದಲು ಬಂದರೆ, ವಾಕಿಟಾಕಿಯಲ್ಲಿ ಅದರ ಮೊದಲ ಮಾತು ಹೇಳಿ. ಅನುಮಾನಪಟ್ಟಿದ್ದಕ್ಕೆ ಎಲ್ಲರಿಗೂ ಕೇಳಿಸುವ ಹಾಗೆ ಕ್ಷಮೆ ಕೇಳುತ್ತೇನೆ. ಓದಲು ಬಾರದಿದ್ದರೆ ಪಕ್ಕದಲ್ಲಿರುವ ಮೇಸ್ತ್ರಿ ದೊಡ್ಡಣ್ಣನ ಕೈಗೆ ಕಾಗದ ಕೊಡಿ. ಎರಡೂ ಬಿಟ್ಟು ಬರೀ ಓಕೆ ಎಂದಿರೋ, ಕೀಲಿ ಕಿತ್ತುಕೊಂಡು ಕೆಳಗಿಳಿದು ಬಂದು ಎಲ್ಲರ ಮುಂದೆ ನಾನೇ ಹೇಳುತ್ತೇನೆ.

ಗಾಳಿಯ ವೇಗ ತೋರಿಸುವ ಮುಳ್ಳು ಕೆಳಗಿಳಿಯುತ್ತಿದೆ. ಎಂಜಿನಿಯರ್ ಆಗಲೇ ಕೈ ಆಡಿಸುತ್ತಿದ್ದಾರೆ. ಜೋಡೆತ್ತುಗಳು ಹೊಂಡಕ್ಕೆ ಇಳಿಯುತ್ತಿದ್ದಾರೆ. ಡಬ್ಬಿ ಬಿಡುತ್ತಿದ್ದೇನೆ, ಹಗ್ಗ ಹಿಡಿದುಕೊಳ್ಳಿ.

ಎಲ್ಲ ಓಕೆ ಇಲ್ಲದ ದಿನವೂ ನಿಮ್ಮವಳೇ ಆದ,
ಮೇಲಿನವಳು

ಮತ್ತೊಂದು ಮಾತು: ದೊಡ್ಡಣ್ಣಾ, ಇದು ನಿಮಗೆ. ಇವರಿಗೆ ಈ ಸಣ್ಣಕ್ಷರ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಬರೆದೆ. ಈ ಕಾಗದ ನಿಮ್ಮ ಕೈಗೆ ಬಂತೆಂದರೆ ನನ್ನ ಗಂಡ ನಿಜ ಒಪ್ಪಿಕೊಂಡರು. ವಾಕಿಟಾಕಿ ಇಸಿದುಕೊಳ್ಳಿ, ಹೊಂಡದೊಳಗೆ ಕಣ್ಣಾರೆ ನೋಡಿ, ಆಮೇಲೆ ಓಕೆ ಅನ್ನಿ, ಇಳಿಸುತ್ತೇನೆ. ಅದಕ್ಕೂ ಮೊದಲು ಅವರನ್ನು ಕೈಹಿಡಿದು ಅಂಚಿನಿಂದ ಆಚೆ ಕರೆದುಕೊಂಡು ಹೋಗಿ ಕೂರಿಸಿ. ಅಳುತ್ತಿದ್ದರೆ ನೋಡದ ಹಾಗೆ ಇರಿ. ನಾನೂ ಮೇಲಿನಿಂದ ನೋಡದ ಹಾಗೆ ಇರುತ್ತೇನೆ.