ಮನೆಯಲ್ಲಿ ಯಾರೂ ಕರೆಯದ ಹೆಸರು

ತಾತ್ಕಾಲಿಕ, ಮೋಯ್ ನದಿಯ ದಂಡೆ
ಶಿಬಿರದ ನೂರ ತೊಂಬತ್ತನೆಯ ವರ್ಷ, ಹದಿಮೂರನೆಯ (ಅಧಿಕ) ತಿಂಗಳು

ನಮಗಿಂತ ಮೊದಲು ಬದುಕಿದವರಿಗೆ,

ನನ್ನ ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ‘ತಾತ್ಕಾಲಿಕ’ ಎಂಬುದು ನಮ್ಮ ಊರಿನ ಹೆಸರು. ಬರ್ಮಾದ ಯುದ್ಧಕ್ಕೆ ಹೆದರಿ ಈ ಗಡಿನದಿ ದಾಟಿದ ಕರೆನ್ ಜನರಿಗೆ ಈ ಶಿಬಿರ ಕಟ್ಟಿಕೊಟ್ಟಾಗ ಫಲಕದ ಮೇಲೆ ಇದ್ದ ಮಾತು ಅದು. ನಾವು ಏಳನೆಯ ತಲೆಮಾರು. ಇಂದಿಗೂ ಸಿಮೆಂಟ್ ಬಳಸುವಂತಿಲ್ಲ. ಬಿದಿರಿನ ಗೋಡೆ, ಎಲೆಯ ಸೂರು. ಬೇಲಿಯಾಚೆಯ ಪೇಟೆಯಲ್ಲಿ ಜನ ನೂರು ವರ್ಷ ಬದುಕುತ್ತಾರೆ. ನಲವತ್ತೆಂಟರ ನಾನು ನಮ್ಮ ಬೀದಿಗೆ ಅತಿ ಹಿರಿಯಳು.

ಬೇಲಿಯಲ್ಲಿ ಒಂದು ‘ಉಸಿರುಕಿಟಕಿ’ ಇದೆ. ಕಾಯಿಲೆಯವರು ವಾರಕ್ಕೊಮ್ಮೆ ಅದರೆದುರು ಕೆಮ್ಮಿ ಹೆಸರು ಹೇಳಬೇಕು. ಹೆಸರು ಪಟ್ಟಿಯಲ್ಲಿದ್ದರೆ ಏಳು ದಿನದ ಮಾತ್ರೆ ಹೊರಗೆ ಬೀಳುತ್ತದೆ. ಪೇಟೆಯವರಿಗೆ ಕಿಟಕಿಯಿಲ್ಲ, ವೈದ್ಯರಿದ್ದಾರೆ.

ನಮ್ಮ ಮನೆತನದಲ್ಲಿ, ಮಗುವಿನ ಕಾಯಿಲೆ ವಾಸಿಯಾಗದಿದ್ದರೆ ಹೆಸರು ಬದಲಿಸುತ್ತೇವೆ. ಹಳೆಯ ಹೆಸರು ಹಿಡಿದು ಬಂದ ಕಾಯಿಲೆ ದಾರಿ ತಪ್ಪಲಿ ಎಂದು. ಹೊಸ ಹೆಸರು ಹೊಲಸಾಗಿದ್ದಷ್ಟೂ ಒಳ್ಳೆಯದು. ನನ್ನ ತಮ್ಮ ಸಾ ಏ ತೂಗೆ ಕ್ಷಯ ಬಂದು ನಾಲ್ಕು ತಿಂಗಳಾದಾಗ ಅಜ್ಜಿ ಅವನನ್ನು ‘ಹಂದಿಗೊಬ್ಬರ’ ಎಂದು ಕರೆದಳು. “ಇನ್ನು ಕಾಯಿಲೇನೇ ಮೂಗು ಮುಚ್ಕೊಂಡು ಓಡುತ್ತೆ ನೋಡೋ,” ಎಂದು ನಕ್ಕಳು. ಅವನೂ ಕೆಮ್ಮುತ್ತಲೇ ನಕ್ಕ. ಕಿಟಕಿಯೆದುರು ಹೆಮ್ಮೆಯಿಂದ ಆ ಹೆಸರನ್ನೇ ಹೇಳಿದ. ಮಾತ್ರೆ ಬೀಳಲಿಲ್ಲ. ಬಿಟ್ಟ ಹೆಸರನ್ನು ಬಾಯಿಂದ ಆಡಿದರೆ ಕಾಯಿಲೆ ಮರಳುತ್ತದೆ ಎನ್ನುತ್ತಾರೆ. ಅವನ ಹಿಂದೆಯೇ ನಿಂತಿದ್ದ ನಾನು ಆಡಲಿಲ್ಲ. ಮುಂದಿನ ವಾರವೂ ಆಡಲಿಲ್ಲ. ಮಳೆಗಾಲಕ್ಕೆ ಮೊದಲೇ ಅವನು ಸತ್ತ.

ಹಾಗೆ ಅರ್ಧಕ್ಕೆ ನಿಂತ ಎಷ್ಟೋ ಚಿಕಿತ್ಸೆಗಳಲ್ಲಿ ಪಳಗಿದ ಕ್ಷಯಕ್ಕೆ ಈಗ ನಾಟುವ ಮಾತ್ರೆ ಒಂದೇ ಉಳಿದಿದೆ. ಗಾಳಿ ಈ ಕಡೆಗೆ ಬೀಸಿದಾಗ ಪೇಟೆಯ ಕೆಮ್ಮು ಕೇಳಿಸುತ್ತದೆ.

ಈ ವರ್ಷ ನನ್ನ ಮೊಮ್ಮಗಳ ಸರದಿ. ಆರು ವರ್ಷದವಳು. ಅವಳ ಹೆಸರನ್ನು ಇಲ್ಲಿ ಬರೆಯಲಾರೆ. “ಅವ್ವಾ, ಕೆಟ್ಟದೊಂದು ಹೆಸರು ಹುಡುಕೇ, ಬೇಗ,” ಎಂದು ಮಗಳು ಪೀಡಿಸುತ್ತಾಳೆ. ನಾನು ಕೊಟ್ಟಿಲ್ಲ. ಹಳೆಯದನ್ನು ಕರೆಯಲು ಯಾರಿಗೂ ಬಿಟ್ಟಿಲ್ಲ. ಚಪ್ಪಾಳೆ ತಟ್ಟಿ ಕರೆಯುತ್ತೇವೆ.

ನಿಮ್ಮ ಕಾಲದಲ್ಲಿ ಈ ಕಿಟಕಿಯ ಜಾಗದಲ್ಲಿ ಒಂದು ಮೇಜು, ಅದರ ಹಿಂದೆ ಒಬ್ಬ ಮನುಷ್ಯ ಇದ್ದರಂತೆ. ದಯವಿಟ್ಟು ಅವರನ್ನು ಅಲ್ಲಿಂದ ಎಬ್ಬಿಸಬೇಡಿ. ಮಗು ಬೇರೆ ಹೆಸರು ಹೇಳಿದರೆ ಅವರು ಅದರ ಮುಖ ನೋಡಲಿ. ಚೀಟಿಯಲ್ಲಿ ಇನ್ನೊಂದು ಹೆಸರಿಗೆ ಜಾಗ ಬಿಡಲಿ.

ನಿನ್ನೆ ಕಿಟಕಿ ಹೆಸರು ಕೇಳಿದಾಗ ಮೊಮ್ಮಗಳು ತುಟಿ ಬಿಗಿಹಿಡಿದು ನನ್ನನ್ನು ನೋಡಿದಳು. ಆ ಹೆಸರು ಅಪಾಯವೆಂದು ಕಲಿಸಿದವಳು ನಾನೇ. ಕೊನೆಗೆ ನಾನೇ ಗಟ್ಟಿಯಾಗಿ ಹೇಳಿದೆ. ಮಾತ್ರೆ ಬಿತ್ತು. ಅವಳನ್ನು ಎತ್ತಿಕೊಂಡು ಮನೆ ಮುಟ್ಟುವವರೆಗೂ, ಯಾರೋ ಹಿಂಬಾಲಿಸುತ್ತಿರುವಂತೆ, ತಿರುಗಿ ತಿರುಗಿ ನೋಡುತ್ತಾ ನಡೆದೆ.