ಕೊಳಲಿಗೆ ಬಿಟ್ಟ ಜಾಗ

ಯೋಗಿ,

ಇದನ್ನ ಪೋಸ್ಟ್ ಮಾಡಲ್ಲ, ಅದಕ್ಕೇ ಧೈರ್ಯವಾಗಿ ಬರೀತಿದೀನಿ. ಅರವತ್ತಕ್ಕೆ ಪಾಪ್ ಆಲ್ಬಮ್ ಮಾಡಿದೀನಿ, ನಗಬೇಡ. ಸಾಹಿತ್ಯ, ರಾಗ ಎಲ್ಲಾ ನಂದೇ. ಡ್ರಮ್ಮು, ಕೀಬೋರ್ಡು ಎಲ್ಲಾ ಇವೆ. ಕೊಳಲಿಲ್ಲ. ಆ ಜಗಳ ಆಗಿ ನೀನು ಮಲ್ಲೇಶ್ವರ ಸೇರಿದ್ಮೇಲೆ ಕೊಳಲಿಗೆ ಬೇರೆ ಯಾರನ್ನೂ ಕರೀಲಿಲ್ಲ.

ರೆಕಾರ್ಡಿಂಗಲ್ಲಿ ಮೊದಲನೇ ಹಾಡಿನ ಪಲ್ಲವಿ ಮುಗಿಸಿ, ಕಚೇರೀಲಿ ಮಾಡ್ತಿದ್ದ ಹಾಗೇ ಎಡಕ್ಕೆ ತಿರುಗಿ, ಇನ್ನು ನುಡಿಸು ಅಂತ ನಿನಗೆ ತಲೆಯಾಡಿಸಿದೆ. ಅಲ್ಲಿ ಗೋಡೆ ಇತ್ತು.

"ಈ ಜಾಗಕ್ಕೆ ಏನು ತುಂಬಿಸ್ಲಿ ಸಾರ್?" ಅಂದ ಕೀಬೋರ್ಡಿನವನು.

"ಏನೂ ಬೇಡ. ಡ್ರಮ್ಮೂ ನಿಲ್ಸಪ್ಪ" ಅಂದೆ.

ಇವತ್ತು ಗಾಂಧಿ ಬಜಾರಿನ ಅಂಗಡೀಲಿ ನನ್ನ ಕ್ಯಾಸೆಟ್ಟನ್ನೇ ಕೇಳಿ ಹಾಕಿಸಿದೆ. ಅಂಗಡಿಯವರಿಗೆ ನನ್ನ ಗುರುತು ಸಿಗಲಿಲ್ಲ. ಪಲ್ಲವಿ ಮುಗೀತು, ಸದ್ದು ನಿಂತಿತು.

"ಥತ್, ಟೇಪ್ ಸಿಕ್ಕಾಕ್ಕೊಳ್ತು" ಅಂತ ಅದನ್ನ ತೆಗೆದು, ಪೆನ್ಸಿಲ್ ತೂರಿಸಿ ಸುತ್ತಿ ನೋಡಿ, ಹೊಸದೊಂದು ಹಾಕಿದರು. ಅದೂ ಅಲ್ಲೇ ನಿಂತಿತು.

"ಇಡೀ ಲಾಟೇ ಸರಿಯಿಲ್ಲ, ವಾಪಸ್ ಕಳಿಸ್ತೀನಿ" ಅಂತ ಟೇಪ್ ನಿಲ್ಲಿಸೋಕೆ ಕೈ ಹಾಕಿದರು.

"ಸ್ವಲ್ಪ ತಡೀರಿ ಸ್ವಾಮಿ" ಅಂದೆ. ಕೌಂಟರ್ ಮೇಲೆ ಬೆರಳಲ್ಲಿ ತಾಳ ಹಾಕ್ತಾ, ನೀನು ನುಡಿಸಿ ಮುಗಿಸೋವರೆಗೂ ಕಾದೆ.