ಬೋಟಿಗೊಬ್ಬ ನಂಬಿಕಸ್ಥ

ಕಾಂದಿವಲಿ ಪೂರ್ವ,
18 ಫೆಬ್ರವರಿ 2024, ಭಾನುವಾರ

ಸುಕೇಶ್ ಅವರಿಗೆ ವಾರಿಜಾಳ ನಮಸ್ಕಾರ.

ನೀವು ಹಡಗಿನಲ್ಲಿ ಎಂಜಿನಿಯರ್ ಆಗಿದ್ದಾಗ ಗಂಡನಿಗೆ ಬರೆಯುವ ಪತ್ರವನ್ನು ‘ಪ್ರೀತಿಯ’ ಎಂದು ಶುರು ಮಾಡುತ್ತಿದ್ದೆ. ಈಗ ಆ ಮಾತು ಬರೆಯುವ ಮುಖವಿಲ್ಲ. ನನ್ನ ಫೋನನ್ನು ನೀವು ಎತ್ತುವುದಿಲ್ಲ. ಗ್ರಾಂಟ್ ರೋಡಿಗೆ ಒಂದು ಲೋಕಲ್ ಹತ್ತಿದರೆ ಮುಗಿಯಿತು ಎಂದು ಎರಡು ಸಲ ಬಂದೆ. ನಿಮ್ಮ ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಚಹಾ ಕುಡಿದೆ, ಮೆಟ್ಟಿಲು ಹತ್ತಲು ಧೈರ್ಯ ಸಾಲದೆ ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸಾದೆ. ಅದಕ್ಕೇ ಈ ಪತ್ರ.

ನಮ್ಮ ಸೇಠರ ಯಾಟ್‌ಗೆ ಒಬ್ಬ ನಂಬಿಕಸ್ಥ ಎಂಜಿನಿಯರ್ ಬೇಕಾಗಿದೆ. ಅಂಧೇರಿಯ ಹೋಟೆಲ್ ಸೇಠರು ಪಾರ್ಟಿಗಳಿಗೆ ಬಾಡಿಗೆ ಕೊಡಲೆಂದು ಕೊಂಡ ಬಿಳಿ ಬೋಟು, ನನ್ನ ತಮ್ಮ ಸೀನ ಹೊಸ ಎಂಜಿನ್ ಕೂಡಿಸಿದ ಬೋಟು, ಎರಡು ವರ್ಷದ ಹಿಂದೆ ನೀವು ಮನೆ ಬಿಟ್ಟು ಹೋಗಲು ನೆಪವಾದ ಬೋಟು. ಅದರ ಬುಕಿಂಗ್ ಆಫೀಸಿನಲ್ಲಿ ನಾನು ಇನ್ನೂ ಕೆಲಸ ಮಾಡುತ್ತಿದ್ದೇನೆ.

ಜನವರಿ ಕೊನೆಯಲ್ಲಿ ಅದು ಹದಿನಾಲ್ಕು ಅತಿಥಿಗಳನ್ನು ಕೂರಿಸಿಕೊಂಡು ಮಾಂಡ್ವಾ ಕಡೆಗೆ ಹೊರಟಿತ್ತು. ನಡುನೀರಿನಲ್ಲಿ ಎಂಜಿನ್ನಿನಿಂದ ನೀರಿನಡಿಯ ಫ್ಯಾನಿಗೆ ಹೋಗುವ ಶಾಫ್ಟ್ ಜೋಡಣೆಯಲ್ಲೇ ಕಳಚಿ, ಬೋಟು ಒಮ್ಮೆಲೇ ಜಗ್ಗಿತು. ಅತಿಥಿಗಳಿಗೆ ಏನೂ ಆಗಲಿಲ್ಲ. ಕೆಳಗೆ ಸೇವಂತಿ ಬೊಂಡ ಕರಿಯುತ್ತಿದ್ದಳು. ಬೋಟಿನಲ್ಲಿ ಅಡುಗೆ ಮಾಡುವ ಸೇವಂತಿ ನಿಮಗೆ ನೆನಪಿರಬಹುದು, ಮೀನು ಕೊಯ್ಯುವಾಗ ಹಾಡಿಕೊಳ್ಳುವವಳು. ಬಾಣಲೆಯ ಎಣ್ಣೆಯಷ್ಟೂ ಅವಳ ಎರಡು ಕೈಗಳ ಮೇಲೆ ಬಿತ್ತು.

ಆಸ್ಪತ್ರೆಯಲ್ಲಿ ಅವಳಿಗೆ ಗಂಜಿ ಕುಡಿಸಲು ಹೋಗುತ್ತಿದ್ದೇನೆ. ಬಲಗೈಯ ಬೆರಳು ಇನ್ನು ಪೂರ್ತಿ ಮಡಚಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಮೊನ್ನೆ ಅವಳು, “ಆ ಎಂಜಿನ್ ಸರಿ ಕೂಡಿಸಿರ್ಲಿಲ್ವಾ ಅಕ್ಕ?” ಎಂದು ಕೇಳಿದಳು. ನಾನು ಚಮಚ ಮುಂದೆ ಹಿಡಿದು ಬಾಯಿ ತೆರೆ ಎಂದೆ, ಅಷ್ಟೇ.

ಎಂಜಿನಿಯರ್ ಹುಡುಕುವ ಕೆಲಸ ನನ್ನ ತಲೆಗೇ ಬಂತು. ಮೊದಲು ಬಂದವನು ಇಸ್ತ್ರಿ ಅಂಗಿಯವನು. ಮೇಲೆ ನಿಂತೇ ಫೋಟೊ ತೆಗೆದ, ಎಂಜಿನ್ ಮೇಲಿನ ಹಲಗೆ ಎತ್ತಲೂ ಇಲ್ಲ, ಎಲ್ಲ ಸರಿಯಿದೆ ಎಂದು ಸಂಜೆಗೇ ವರದಿ ಕಳಿಸಿದ. ಎರಡನೆಯವನು ನಾಲ್ಕು ಬೋಲ್ಟ್ ಬಿಗಿ ಮಾಡಿ ಮೇಲೆ ಬಣ್ಣ ಹೊಡೆದರೆ ಶನಿವಾರಕ್ಕೆ ಪಾರ್ಟಿ ಬಿಡಬಹುದು ಎಂದ. ಅವನನ್ನು ಬಾಯಿಗೆ ಬಂದಂತೆ ಬೈದು ಕಳಿಸಿದೆ. ನೀವಿದ್ದಾಗ ಕಲಿತ ಬೈಗುಳ ಇನ್ನೂ ಮರೆತಿಲ್ಲ.

ಮೂರನೆಯವರು ಕೊರಗಪ್ಪಣ್ಣ. ಮಲ್ಪೆಯವರು, ಎಪ್ಪತ್ತು ದಾಟಿದೆ, ಮಜಗಾಂವ್‌ನ ಹಡಗುಕಟ್ಟೆಯಲ್ಲಿ ಆಯಸ್ಸು ಕಳೆದವರು. ಬಂದವರು ಚಹಾ ಮುಟ್ಟಲಿಲ್ಲ. ಬೋಟನ್ನು ನೀರಿನಲ್ಲೇ ನಿಲ್ಲಿಸಿ, ಹೊಟ್ಟೆಯ ಮೇಲೆ ಮಲಗಿ, ಶಾಫ್ಟ್ ಸೇರುವ ಎರಡು ತಟ್ಟೆಗಳನ್ನು ಒಂದಕ್ಕೊಂದು ತಾಗಿಸಿ, ಅವುಗಳ ನಡುವೆ ತೆಳುವಾದ ಉಕ್ಕಿನ ಪಟ್ಟಿ ತೂರಿಸಿ ನೋಡಿದರು. ಮೇಲುಗಡೆ ಸಲೀಸಾಗಿ ಹೋಯಿತು, ಕೆಳಗೆ ಹೋಗಲೇ ಇಲ್ಲ, ಎಂದರೆ ತಟ್ಟೆಗಳು ಸಮ ಕೂತಿರಲಿಲ್ಲ. “ನೆಲದ ಮೇಲೆ ಕೂಡಿಸಿ ಹಾಗೇ ಬಿಟ್ಟದ್ದು ಇದು. ನೀರಿಗೆ ಇಳಿಸಿದ ಮೇಲೆ ಯಾರೂ ನೋಡ್ಲೇ ಇಲ್ಲ. ಎಂತ ಕೆಲಸ ಮಾರಾಯ್ತಿ ಇದು?” ಎಂದರು.

ಅಂದು ಎಂಜಿನ್ ಪರೀಕ್ಷಿಸಲು ಬಂದ ನೀವು ಹೇಳಿದ್ದೂ ಇದನ್ನೇ. ನೀರಿಗೆ ಬಿದ್ದ ಬೋಟು ಸ್ವಲ್ಪ ಮೈ ಬದಲಿಸುತ್ತದೆ, ಎರಡು ದಿನ ತೇಲಲಿ, ಆಮೇಲೆ ಬೋಲ್ಟ್ ಸಡಿಲಿಸಿ ಮತ್ತೆ ಸಮ ಮಾಡಬೇಕು, ಅಲ್ಲಿಯವರೆಗೆ ಸರ್ಟಿಫಿಕೇಟಿಗೆ ಸಹಿ ಹಾಕುವುದಿಲ್ಲ ಎಂದಿರಿ. ಸೇಠರು ಮುಹೂರ್ತ ಇಟ್ಟಾಗಿತ್ತು. ಎಂಜಿನ್ನಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ಬಿಚ್ಚುವುದು ಅಪಶಕುನ ಎಂದರು. ಸೀನ ಅವರಿಗೆ ತಲೆಯಾಡಿಸಿದ. ನಾನು ಸೀನನ ಪರ ನಿಂತೆ, ನನ್ನ ತಮ್ಮನ ಮೊದಲ ದೊಡ್ಡ ಕೆಲಸವನ್ನು ಹಾಳು ಮಾಡುತ್ತಿದ್ದೀರಿ ಎಂದು ಎಲ್ಲರೆದುರು ಕೂಗಾಡಿದೆ. ನೀವು ಸ್ಪ್ಯಾನರ್ ಕೆಳಗಿಟ್ಟು ಹೋದಿರಿ.

ಎಂಜಿನ್ ಕೂಡಿಸಿದಾಗಿನ ಸರ್ಟಿಫಿಕೇಟ್ ತೋರಿಸಲು ಕೊರಗಪ್ಪಣ್ಣ ಹೇಳಿದರು. ಓದಿ, ಕನ್ನಡಕ ತೆಗೆದು ಮಡಚಿಟ್ಟರು. “ಸುಕೇಶ ಕೆಟ್ಟ ಕೆಲಸಕ್ಕೆ ಸಹಿ ಹಾಕಿದ ಅಂತ ಬೋಟು ಕಟ್ಟುವ ಧಕ್ಕೆಯಲ್ಲಿ ಎರಡು ವರ್ಷದಿಂದ ಹೇಳ್ತಿದ್ರು. ನಾನು ಜಗಳ ಮಾಡಿದ್ದೆ ಅವರ ಹತ್ರ. ಈಗ ಕಣ್ಣಾರೆ ನೋಡಿದೆ,” ಎಂದರು. ನಾನು ಸರ್ಟಿಫಿಕೇಟನ್ನು ಮಡಚಿ ಫೈಲಿಗೆ ಸೇರಿಸಿದೆ.

ಆ ಸಹಿ ನಾನು ಹಾಕಿದ್ದು.

ನೀವು ಹಡಗಿನಲ್ಲಿದ್ದ ಒಂಬತ್ತು ವರ್ಷ ಬ್ಯಾಂಕು, ಗ್ಯಾಸು, ಸೊಸೈಟಿ ಎಲ್ಲ ಕಾಗದಕ್ಕೂ ನಿಮ್ಮ ಸಹಿ ಹಾಕಿದವಳು ನಾನೇ ತಾನೆ? ಹಡಗಿನವರ ಹೆಂಡಂದಿರಿಗೆ ಇದೆಲ್ಲ ಗೊತ್ತಿರಬೇಕು ಎಂದು ನೀವೇ ಕೈ ಹಿಡಿದು ಕಲಿಸಿದಿರಿ. ಅಂದು ನೀವು ಹೋದ ಮೇಲೆ ಸೇಠರ ಮನುಷ್ಯ ಕಾಗದ ಮುಂದಿಟ್ಟ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಆ ಸಹಿಯ ಮಾತು ಹರಡಿ, ಆಮೇಲೆ ನಿಮಗೆ ಬೋಟಿನ ಕೆಲಸಗಳು ಒಂದೊಂದಾಗಿ ನಿಂತವು. ನಿಮ್ಮ ಮುಂಗೋಪದಿಂದ ಹೀಗಾಯಿತು ಎಂದು ನಿಮ್ಮ ಅಕ್ಕ ನಮಿತಾ ಎಲ್ಲರ ಹತ್ತಿರ ಹೇಳುವಾಗ ನಾನೂ ಹೂಂಗುಟ್ಟಿದೆ. ನೀವೀಗ ಬಿಲ್ಡಿಂಗುಗಳ ಜನರೇಟರ್ ರಿಪೇರಿ ಮಾಡುತ್ತೀರಿ ಎಂದು ಕೇಳಿದಾಗ ಎರಡು ದಿನ ಊಟ ಸೇರಲಿಲ್ಲ. ಆದರೂ ಹೇಳಲಿಲ್ಲ.

ಈ 26ಕ್ಕೆ ವಿಮೆಯವರ ವಿಚಾರಣೆ ಇದೆ. ಕೊರಗಪ್ಪಣ್ಣ ಬರೆದುಕೊಡುವ ವರದಿಯಲ್ಲಿ ನಿಮ್ಮ ಹೆಸರೇ ಇರುತ್ತದೆ. ನಿಮ್ಮ ಲೈಸೆನ್ಸಿಗೇ ಕುತ್ತು ಬರಬಹುದು. ಅದಕ್ಕೆ ಒಂದು ಬೇಡಿಕೆ. ಅಷ್ಟರೊಳಗೆ ನೀವು ಬಂದು ಎಂಜಿನ್ನನ್ನು ನಿಮ್ಮ ಕೈಯಿಂದ ಸರಿ ಮಾಡಿಬಿಡಿ. “ಸಹಿ ಹಾಕಿದವನೇ ಬಂದು ಬೋಲ್ಟ್ ಬಿಚ್ಚಿ ಸಮ ಮಾಡಿದ್ರೆ ನಾನು ವರದಿ ಮೆತ್ತಗೆ ಬರೀತೇನೆ,” ಎಂದಿದ್ದಾರೆ ಕೊರಗಪ್ಪಣ್ಣ. ಸೀನನಿಗೆ ಈಗ ಒಂದು ಮಗುವಿದೆ. ವಿಷಯ ಹೊರಗೆ ಬಂದರೆ ಅವನೂ ನಾನೂ ಒಟ್ಟಿಗೆ ಬೀದಿಗೆ ಬೀಳುತ್ತೇವೆ. ಒಂದು ಸಲ ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಇಂತಿ,
ಕೇಳುವ ಹಕ್ಕಿಲ್ಲದೆಯೂ ಕೇಳುತ್ತಿರುವ
ವಾರಿಜಾ

ತಾ.ಕ.: ಸೋಮವಾರ. ಈ ಪತ್ರವನ್ನು ಚೀಲದಲ್ಲಿಟ್ಟುಕೊಂಡು ಬೆಳಿಗ್ಗೆ ಆಸ್ಪತ್ರೆಗೆ ಹೋದೆ, ಅಲ್ಲಿಂದ ಅಂಚೆಗೆ ಹಾಕುವುದೆಂದು. ಸೇವಂತಿಯನ್ನು ಮನೆಗೆ ಕಳಿಸುವ ಕಾಗದಕ್ಕೆ ಅವಳ ಸಹಿ ಬೇಕಿತ್ತು. ಬ್ಯಾಂಡೇಜಿನ ಕೈಯಲ್ಲಿ ಪೆನ್ನು ನಿಲ್ಲಲಿಲ್ಲ. “ನನ್ನ ಹೆಸರು ನೀವೇ ಹಾಕಿಬಿಡಿ ಅಕ್ಕ, ಯಾರು ನೋಡ್ತಾರೆ,” ಎಂದಳು. ನನ್ನಿಂದ ಆಗಲಿಲ್ಲ. ವಾರ್ಡಿನ ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತೆ.

ಬೋಟಿನ ಹತ್ತಿರ ಬರಬೇಡಿ. ಬಂದರೆ ನೀವು ಒಂದು ಮಾತೂ ಆಡದೆ ಎಂಜಿನ್ ಸರಿ ಮಾಡಿ, ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತು ಹೋಗುತ್ತೀರಿ. ನಿನ್ನೆ ನಾನು ಬಯಸಿದ್ದು ಅದನ್ನೇ. 26ರಂದು ಈ ಪತ್ರವನ್ನು ವಿಚಾರಣೆಯವರ ಕೈಗೆ ಕೊಡಿ. ಕೊರಗಪ್ಪಣ್ಣನಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ, ಸೀನನಿಗೂ. ಸರ್ಟಿಫಿಕೇಟಿನ ಜೊತೆ ತಾಳೆ ನೋಡಲು ಬೇಕಾಗುತ್ತದೆಂದು ಆ ಸಹಿಯನ್ನು ಕೆಳಗೆ ಇನ್ನೊಮ್ಮೆ ಹಾಕಿದ್ದೇನೆ. ಇವತ್ತೂ ಅರ್ಧ ನಿಮಿಷ ಹಿಡಿಯಲಿಲ್ಲ.

ಸುಕೇಶ್ ಕುಂದರ್